ಪಿಎಚ್‌ಡಿ ಮುಗೀತು, ಎಲ್ಲರಿಗೂ ಥ್ಯಾಂಕ್ಸ್

ಹೋದ ವಾರ ವೈವಾ ಮುಗಿಯಿತು. ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡೋಕೆ ಆಗಲಿಲ್ಲ, ಅದಕ್ಕೇ ಈ ಬರಹ.

"ಇಷ್ಟು ವರ್ಷ ಏನಪ್ಪಾ ಓದಿದೆ?" ಅಂತ ಚಿಕ್ಕಮಗಳೂರಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಜಗತ್ತಿನ ತಳಮಟ್ಟದಲ್ಲಿ ಜಾಗ, ಕಾಲ ಎರಡೂ ಇಲ್ಲದೇ ಇರಬಹುದು ಅನ್ನೋ ಮಾತಿಗೆ ಅರ್ಥವಿದೆಯಾ ಅಂತ ಓದಿದೆ. ಇದು ಸುಮ್ನೆ ಹುಟ್ಟಿದ ತರಲೆ ಅಲ್ಲ. ಐನ್‌ಸ್ಟೈನರ ಗುರುತ್ವವನ್ನೂ ಅಣು-ಪರಮಾಣುಗಳ ಲೋಕದ ಕ್ವಾಂಟಂ ನಿಯಮಗಳನ್ನೂ ಹೊಂದಿಸಲು ಹೊರಟವರು ಮತ್ತೆ ಮತ್ತೆ ಇಲ್ಲಿಗೇ ಬಂದು ನಿಂತಿದ್ದಾರೆ. ಈ ಎರಡನ್ನೂ ಹೊಂದಿಸಲು ಭೌತವಿಜ್ಞಾನಿ ಬ್ರೈಸ್ ಡಿವಿಟ್ 1967ರಲ್ಲಿ ಪ್ರಕಟಿಸಿದ ಸಮೀಕರಣದಲ್ಲಿ ಕಾಲಕ್ಕೆ ಅಂತ ಒಂದು ಅಕ್ಷರವೇ ಇಲ್ಲ. 1987ರಲ್ಲಿ ಭೌತವಿಜ್ಞಾನಿ ರಫೇಲ್ ಸಾರ್ಕಿನ್ ಮತ್ತು ಸಂಗಡಿಗರು ಮುಂದಿಟ್ಟ ಕಾಸಲ್ ಸೆಟ್ ಸಿದ್ಧಾಂತದಲ್ಲಿ ಇರುವುದು ಬಿಡಿಬಿಡಿ ಘಟನೆಗಳು, ಯಾವುದು ಯಾವುದಕ್ಕೆ ಕಾರಣವಾಗಬಲ್ಲದು ಅನ್ನೋ ಸಂಬಂಧ, ಅಷ್ಟೇ. ದೂರ, ಅವಧಿ ಎಲ್ಲ ಅದರಿಂದಲೇ ಮೂಡಬೇಕು.

ಮೊದಲ ಥ್ಯಾಂಕ್ಸ್ ಗೈಡ್ ಮೇಡಂಗೆ. ಹಂಡೆಯ ನೀರು ಬಿಸಿ ಇದ್ದರೂ ಅದರ ಒಂದು ಅಣು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಬಿಸಿ ಅನ್ನೋದು ಎಷ್ಟೋ ಅಣುಗಳು ಸೇರಿದಾಗ ಮೂಡುವಂಥದ್ದು. ಜಾಗವೂ ಹಾಗೇ ಮೂಡುತ್ತದೆ ಅಂತ ಎಲ್ಲರೂ ವಿವರಿಸುತ್ತಾರೆ. ಮೇಡಂ ಕೇಳಿದ್ದು ಒಂದೇ: "ಅಣುಗಳೂ ಹಂಡೆಯೊಳಗೇ ಇವೆ ಅಲ್ವಾ?" ಅಂದರೆ ಅಣುಗಳಿಗೆ ಮೊದಲೇ ಒಂದು ಜಾಗ ಇದೆ, ಜಾಗವೇ ಇಲ್ಲದ ಕಡೆ ಈ ಹೋಲಿಕೆ ನಿಲ್ಲುತ್ತಾ ಅಂತ. ನನ್ನ ಎರಡನೇ ಅಧ್ಯಾಯ ಪೂರ್ತಿ ಈ ಪ್ರಶ್ನೆಯ ಮೇಲೇ ನಿಂತಿದೆ.

ಆಮೇಲೆ ಅಪ್ಪ. ಆಲ್ದೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಬೆಳಿಗ್ಗೆ ಎದ್ದರೆ ಅಪ್ಪನಿಗೆ ಮೊದಲು ಮಳೆ ಅಳೆಯಬೇಕು. ಹಳೇ ನೋಟ್‌ಬುಕ್ಕಿನಲ್ಲಿ ತಾರೀಖು, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ). ಬರೆಯೋದು ಪೆನ್ಸಿಲ್ಲಲ್ಲೇ, ಒದ್ದೆ ಕೈಗೆ ಶಾಯಿ ಹರಡುತ್ತದೆ ಅಂತ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದ ದಿನಕ್ಕೆ ಮಾತ್ರ ಕೆಂಪು ಗೆರೆ. ಒಂದು ದಿನ ನನ್ನ ವಿಷಯ ಕೇಳಿಸಿಕೊಂಡು, "ಜಾಗಾನೂ ಇಲ್ಲ, ಹೊತ್ತೂ ಇಲ್ಲ ಅಂದ್ರೆ ನಾನಿದರಲ್ಲಿ ಏನ್ ಬರೀಲಿ?" ಅಂದರು.

ತಮಾಷೆಗೇ ಅಂದಿದ್ದು. ಆದರೆ ಭೌತಶಾಸ್ತ್ರದ ತತ್ತ್ವಜ್ಞಾನಿಗಳಾದ ನಿಕ್ ಹಗೆಟ್ ಮತ್ತು ಕ್ರಿಶ್ಚಿಯನ್ ವುಥ್ರಿಕ್ 2013ರ ಲೇಖನದಲ್ಲಿ ಎತ್ತಿಕೊಂಡ ತೊಡಕು ಇದೇ. ಯಾವ ಸಿದ್ಧಾಂತಕ್ಕಾದರೂ ಸಾಕ್ಷಿ ಅಂದರೆ ಕೊನೆಗೆ ಇಂಥ ಕಡೆ, ಇಂಥ ಹೊತ್ತಿಗೆ, ಇಂಥದ್ದು ಕಂಡಿತು ಅನ್ನೋ ದಾಖಲೆ. ಜಾಗ, ಕಾಲ ಎರಡೂ ಇಲ್ಲ ಅನ್ನುವ ಸಿದ್ಧಾಂತ ತನಗೆ ಸಾಕ್ಷಿಯೇ ಇಲ್ಲ ಅಂದಂತಾಯಿತಲ್ಲ? ತಳದಲ್ಲಿ ಇಲ್ಲ ಅಂದ ಮಾತ್ರಕ್ಕೆ ಇಲ್ಲವೇ ಇಲ್ಲ ಅಂತಲ್ಲ, ಜಾಗ ಹೇಗೆ ಮೂಡುತ್ತದೆ ಅಂತ ತೋರಿಸಿದರೆ ಅಪ್ಪನ ನೋಟ್‌ಬುಕ್ಕೂ ಉಳಿಯುತ್ತದೆ ಅನ್ನೋದು ಅದಕ್ಕೆ ಕೊಡುವ ಉತ್ತರ. ಆದರೆ ತೋರಿಸೋದು ಅಂದರೆ ಗಣಿತ ಹೊಂದಿದರೆ ಸಾಕಾ? ಜಾಗದ ಕೆಲಸ ಯಾವುದು ಮಾಡುತ್ತದೋ ಅದೇ ಜಾಗ ಅನ್ನುವವರಿದ್ದಾರೆ. ಜಾಗದ ಮಟ್ಟಿಗೆ ನಾನು ಒಪ್ಪುತ್ತೇನೆ. ಕಾಲದ ವಿಷಯದಲ್ಲಿ ಇಲ್ಲ. ಕೆಲಸ ನಡೆಯೋಕೇ ಕಾಲ ಬೇಕಲ್ಲ! ವೈವಾದಲ್ಲಿ ಇದನ್ನು ಖಂಡಿತ ಒಪ್ಪದೆ, ಜಗ್ಗಾಡಿ, ಕೊನೆಗೆ ನಗುತ್ತಾ ಸಹಿ ಹಾಕಿದ ಪರೀಕ್ಷಕರಿಗೆ ದೊಡ್ಡ ನಮಸ್ಕಾರ.

ಸ್ಕಾಲರ್‌ಶಿಪ್ ನಿಂತುಹೋದಾಗ ಏನೂ ಕೇಳದೆ ದುಡ್ಡು ಕೊಟ್ಟ ಚಿಕ್ಕಪ್ಪ, ಮಳೆಗಾಲದಲ್ಲಿ ಕರೆಂಟ್ ಇಲ್ಲದಾಗ ಇನ್ವರ್ಟರ್ ಇರೋ ತಮ್ಮ ರೂಮನ್ನೇ ಬಿಟ್ಟುಕೊಟ್ಟ ಪಕ್ಕದ ಮನೆ ಆಂಟಿ, ಲೈಬ್ರರಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಕಾದಿಟ್ಟ ಅಣ್ಣ, ನಿಮ್ಮನ್ನೆಲ್ಲ ಮರೆಯಲ್ಲ. ಅಮ್ಮನಿಗೆ ಮನೆಯಲ್ಲೇ ಹೇಳಿದ್ದೇನೆ.

ಓದಬೇಕು ಅನ್ನಿಸಿದವರು ಕೇಳಿ, ಪಿಡಿಎಫ್ ಕಳಿಸುತ್ತೇನೆ. ನಾಲ್ಕನೇ ಅಧ್ಯಾಯ ಬಿಟ್ಟರೂ ನಡೆಯುತ್ತದೆ, ಅದರಲ್ಲಿ ಗಣಿತ ಜಾಸ್ತಿ.