ಸೀಟು ಇಟ್ಟರೆ ಸಾಕಾ? ಕೊಡಗು ವಿವಿ ಆದಿವಾಸಿ ಹಾಡಿಗಳ ತನಕ ಹೋಗಲಿ

ಸಂಪಾದಕರಿಗೆ,

ಕೊಡಗು ವಿಶ್ವವಿದ್ಯಾಲಯದ ಮಾತು ಬಂದರೆ ನಮ್ಮಲ್ಲಿ ಒಂದೇ ಚರ್ಚೆ, ಉಳಿಯುತ್ತಾ, ಮುಚ್ಚುತ್ತಾರಾ ಅಂತ. 2023ರಲ್ಲಿ ಶುರುವಾದ ವಿವಿ ಇದು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಮಾತಾಡಿದಾಗ ಅದರಲ್ಲಿ ನಮ್ಮದೂ ಇತ್ತು. ಉಳಿಯಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಯಾರ ಮಕ್ಕಳಿಗಾಗಿ ಅಂತಲೂ ಕೇಳಬೇಕು ಅಲ್ವಾ?

ಮೀಸಲಾತಿ ಇದೆಯಲ್ಲ, ಇನ್ನೇನು ಬೇಕು ಅಂತ ಕೆಲವರು ಹೇಳುತ್ತಾರೆ. ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿ 2022ರಲ್ಲಿ ಶೇ 3ರಿಂದ ಶೇ 7ಕ್ಕೆ ಏರಿತು, ಒಳ್ಳೆಯದೇ. ಆದರೆ ನಮ್ಮ ಜೇನು ಕುರುಬ, ಯರವ ಮಕ್ಕಳು ಅದೇ ಪಟ್ಟಿಯ ದೊಡ್ಡ ಸಮುದಾಯಗಳ ಮಕ್ಕಳ ಜೊತೆ ಸ್ಪರ್ಧೆ ಮಾಡಬೇಕು. ಕೇಂದ್ರ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಿರುವುದು ಕರ್ನಾಟಕದಲ್ಲಿ ಎರಡನ್ನೇ, ಜೇನು ಕುರುಬ ಮತ್ತು ಕೊರಗ. ಅವರಲ್ಲಿ ಜೇನು ಕುರುಬರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಅಂದಮೇಲೆ ಇಲ್ಲಿನ ವಿವಿಗೆ ಅವರ ಬಗ್ಗೆ ಬೇರೆಯದೇ ಯೋಜನೆ ಬೇಡವಾ?

ಸಮಸ್ಯೆ ಪ್ರವೇಶದ ಅರ್ಜಿಗಿಂತ ಎಷ್ಟೋ ಮೊದಲೇ ಶುರುವಾಗುತ್ತದೆ. ಆಶ್ರಮ ಶಾಲೆಗೆ ಹೋಗಿ, ಹೇಗೋ ಎಸ್ಸೆಸ್ಸೆಲ್ಸಿ ಮುಟ್ಟಿದ ಹುಡುಗ ಕಾಫಿ ಕೊಯ್ಲು ಶುರುವಾದ ಕೂಡಲೇ ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗುತ್ತಾನೆ, ಮನೆಗೆ ನಾಲ್ಕು ಕಾಸು ಬರುತ್ತದೆ, ಆಮೇಲೆ ಪುಸ್ತಕದ ಕಡೆ ತಿರುಗುವುದು ಕಷ್ಟ. ತೋಟದ ಕೂಲಿಯವರು ಇರುವ ಲೈನ್‌ಮನೆಯ ಹುಡುಗಿಯರ ಕಥೆಯೂ ಹೀಗೇ. ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆಯಬೇಕು, ವಿದ್ಯಾರ್ಥಿವೇತನ ಖಾತೆಗೆ ಬೀಳುವ ತನಕ ಶುಲ್ಕ, ಊಟ, ಬಸ್ ಚಾರ್ಜ್ ಎಲ್ಲ ಕೈಯಿಂದ. ಇನ್ನು ದಾರಿ! ಕುಟ್ಟದ ಕಡೆಯಿಂದ ವಿವಿ ಇರುವ ಚಿಕ್ಕ ಅಳುವಾರಕ್ಕೆ ಬರುವುದು ಅಂದರೆ ಜಿಲ್ಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದಂತೆ, ಅದೂ ಜುಲೈ ಮಳೆಯಲ್ಲಿ. ಹಾಸ್ಟೆಲ್ ಸಿಗದಿದ್ದರೆ ಆ ಮಗುವಿಗೆ ಸೀಟು ಇದ್ದೂ ಇಲ್ಲದ ಹಾಗೆ.

ದೂರದವರ ಮಾತು ಬಿಡಿ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಿಂದ ಎಬ್ಬಿಸಿದ ಆದಿವಾಸಿ ಕುಟುಂಬಗಳಿಗೆ ಆಮೇಲೆ ಜಾಗ ಕೊಟ್ಟಿದ್ದು ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ. ಎರಡೂ ವಿವಿ ಇರುವ ಕುಶಾಲನಗರದ ಕಡೆಯೇ ಇವೆ. ಅಲ್ಲಿ ಎಷ್ಟು ಮಕ್ಕಳು ಪಿಯು ದಾಟಿದರು, ಎಷ್ಟು ಜನ ಮಧ್ಯದಲ್ಲೇ ಬಿಟ್ಟರು ಅಂತ ಹೋಗಿ ಕೇಳುವುದು ಕಷ್ಟವೇನಲ್ಲ. ಆ ಪಟ್ಟಿ ಕೈಯಲ್ಲಿಲ್ಲದೆ ಮಾಡಿದ ಯೋಜನೆ ಸುಮ್ನೆ ಕಾಗದವಾಗಿ ಉಳಿಯುತ್ತದೆ.

ಹಾಗಾಗಿ ವಿವಿ ಪಿಯು ಹಂತದಿಂದಲೇ ಈ ಮಕ್ಕಳ ಕೈ ಹಿಡಿಯಲಿ. ಅರ್ಜಿ ತುಂಬಿಸಲು ಅಧ್ಯಾಪಕರೇ ಹಾಡಿಗೆ ಹೋಗಲಿ. ಮೊದಲ ಸೆಮಿಸ್ಟರ್‌ಗೆ ಸೇತುಬಂಧ ತರಗತಿ ಬೇಕೇ ಬೇಕು, ಮನೆಯಲ್ಲಿ ಯರವ ಭಾಷೆ ಆಡಿ ಬೆಳೆದ ಮಗುವಿಗೆ ಪಠ್ಯದ ಕನ್ನಡವೂ ಇಂಗ್ಲಿಷೂ ಎರಡೂ ಹೊಸತು. ಪಾಠ ಮಾಡುವವರಲ್ಲೂ ಆ ಸಮುದಾಯದವರು ಕಾಣಬೇಕು. ಯಾವ ಸಮುದಾಯದಿಂದ ಎಷ್ಟು ಜನ ಸೇರಿದರು, ಎಷ್ಟು ಜನ ಪಾಸಾದರು ಅನ್ನುವುದನ್ನು ವರ್ಷ ವರ್ಷ ಪ್ರಕಟಿಸಲಿ, ಹೆಸರು ಬೇಡ, ಲೆಕ್ಕ ಸಾಕು. ಇದೆಲ್ಲಕ್ಕೂ ಒಬ್ಬ ಅಧಿಕಾರಿ ಜವಾಬ್ದಾರಿ ಹೊರಲಿ.

ಮುಂದಿನ ಪ್ರವೇಶ ಪ್ರಕಟಣೆಗೆ ಮೊದಲೇ ಕುಲಪತಿಗಳು ಇದಕ್ಕೊಂದು ಸಮಿತಿ ಮಾಡಲಿ. ಅದರಲ್ಲಿ ಹಾಡಿಯವರೂ, ಲೈನ್‌ಮನೆಯಿಂದ ಓದಿ ಬಂದವರೂ ಇರಲಿ. ಮೊದಲ ಸಭೆ ಕ್ಯಾಂಪಸ್ಸಿನಲ್ಲಿ ಬೇಡ, ತಿತಿಮತಿಯಲ್ಲಿ ಕರೆಯಿರಿ, ಅದೂ ಕೂಲಿ ಕೆಲಸ ಮುಗಿದ ಮೇಲೆ, ಸಂಜೆ ಹೊತ್ತು.

ಒಬ್ಬ ಓದುಗ,
ಗೋಣಿಕೊಪ್ಪಲು