ಮೀನು ಹಿಡಿಯಲು ಹೊಸ ರೀಲ್ ಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆ ಕಡಿಮೆಯಾಯಿತು, ಯಾವ ರೀಲ್ (ಗಾಳದ ಕೋಲಿಗೆ ಹಾಕುವ ದಾರ ಸುತ್ತುವ ಗಾಲಿ) ತಗೊಳ್ಳಲಿ ಅಂತ ಗುಂಪಿನಲ್ಲಿ ತುಂಬಾ ಜನ ಕೇಳುತ್ತಿದ್ದೀರಿ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಮೇಲ್ಭಾಗದ ಸಿಹಿನೀರಿನಲ್ಲೂ ಅದು ಕಡಲು ಸೇರುವ ತಳಂಗರೆಯ ಅಳಿವೆಯಲ್ಲೂ ಒಂದೇ ರೀಲ್ ಸಾಕು ಅನ್ನುವವರು ಉಪ್ಪುನೀರಿಗೆ ಅಂತಲೇ ಮಾಡಿದ್ದನ್ನು ತಗೊಳ್ಳಿ. ಅದು ಸಿಹಿನೀರಿಗೂ ಆಗುತ್ತದೆ. ಸಿಹಿನೀರಿನ ರೀಲ್ ಕಡಲಿನಲ್ಲಿ ಬಾಳುವುದಿಲ್ಲ.

ಡಬ್ಬಿಯ ಮೇಲೆ ಬೇರಿಂಗ್ ಎಷ್ಟು ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ. ಹತ್ತು ಸಾದಾ ಬೇರಿಂಗಿಗಿಂತ ನೀರು ನುಗ್ಗದಂತೆ ಸೀಲ್ ಮಾಡಿದ ನಾಲ್ಕು ಮೇಲು. ಉಪ್ಪು ಬೇಗ ಸೇರಿಕೊಳ್ಳುವುದು ಲೈನ್ ರೋಲರ್‌ನಲ್ಲಿ (ದಾರ ಹಾಯುವ ಪುಟ್ಟ ಉರುಳೆ) ಮತ್ತು ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ಬಿಡುವ ಬ್ರೇಕ್) ಒಳಗೆ. ಅಲ್ಲಿ ಸೀಲ್ ಇದೆಯಾ ಅಂತ ನೋಡಿ. ರೀಲಿನ ಮೈ ಗ್ರಾಫೈಟಿನದಾದರೆ ತುಕ್ಕಿನ ಭಯವಿಲ್ಲ, ಹಗುರ ಕೂಡ, ಆದರೆ ದೊಡ್ಡ ಮೀನು ಎಳೆದಾಗ ಸ್ವಲ್ಪ ಬಾಗುತ್ತದೆ. ಅಲ್ಯೂಮಿನಿಯಂ ಗಟ್ಟಿ, ಬಣ್ಣ ಕಿತ್ತ ಕಡೆ ಮಾತ್ರ ಉಪ್ಪು ತಿನ್ನುತ್ತದೆ. ನಮ್ಮ ಅಳಿವೆಗೆ ನಾನಂತೂ ಗ್ರಾಫೈಟನ್ನೇ ಹೇಳುತ್ತೇನೆ. ರೀಲಿನ ಮೇಲೆ ಬರೆದಿರುವ ಸೈಜ್ 4000 ಇದ್ದರೆ ಸಾಕು.

ಕಡಲಿನಿಂದ ಬಂದ ದಿನವೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಹರಿಸಿ ತೊಳೆಯಿರಿ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟರೆ ಉಪ್ಪು ಒಳಗೇ ಹೋಗುತ್ತದೆ. ಬಕೆಟ್‌ನಲ್ಲಿ ಮುಳುಗಿಸಲೂ ಬೇಡಿ. ತೊಳೆದ ಮೇಲೆ ಡ್ರ್ಯಾಗ್ ಸಡಿಲಿಸಿ ನೆರಳಲ್ಲಿ ಒಣಗಿಸಿ, ಬಿಗಿಯಾಗಿಯೇ ಬಿಟ್ಟರೆ ಅದರೊಳಗಿನ ವಾಷರ್ ಒತ್ತಿಹೋಗುತ್ತದೆ. ಬಿಡಿಭಾಗ ಮಂಗಳೂರಿನಲ್ಲಾದರೂ ಸಿಗುತ್ತದಾ ಅಂತ ಕೇಳಿಯೇ ದುಡ್ಡು ಕೊಡಿ.