ಶೈಲಿ ಸರ್ವೆ: ಸೋಮವಾರದಿಂದ ನಮ್ಮ ವಾರ್ಡಿನಲ್ಲಿ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಶನಿವಾರದವರೆಗೆ ಆಶಾ ಅಕ್ಕ ಮನೆಮನೆಗೆ ಬರುತ್ತಾರೆ. 30 ವರ್ಷ ದಾಟಿದ ಎಲ್ಲರ ವಿವರವನ್ನು, ಬಿಪಿ, ಶುಗರ್ ತರಹದ ಜೀವನಶೈಲಿ ಕಾಯಿಲೆ ಪತ್ತೆಗೆ ಕೇರಳ ಆರೋಗ್ಯ ಇಲಾಖೆ ಮಾಡಿರುವ ಶೈಲಿ ಆ್ಯಪ್‌ಗೆ ಹಾಕಬೇಕು. ಬಿಪಿ, ಶುಗರ್ ಮಾತ್ರೆ ಇದ್ದರೆ ಚೀಟಿ ಸಮೇತ ತೆಗೆದಿಡಿ. ಎಲೆಅಡಿಕೆಗೆ ಹೊಗೆಸೊಪ್ಪು ಹಾಕುತ್ತೀರಾ ಅಂತ ಕೇಳಿದರೆ ನಾಚಿಕೆ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ. ಕಿವಿ ಮಂದ ಇರುವ ಅಜ್ಜ ಅಜ್ಜಿಯರ ಹತ್ತಿರ ಮನೆಯವರು ಯಾರಾದರೂ ಕೂತಿರಿ.

ಸುಮ್ನೆ ಕಾಟಾಚಾರದ ಸರ್ವೆ ಅಂದುಕೊಳ್ಳಬೇಡಿ. ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ತೊಂದರೆಯ ಸಮಯದಲ್ಲಿ ನಮ್ಮ ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಮನೆಮನೆಯ ಕಾಯಿಲೆ ಬರೆದಿಟ್ಟದ್ದರಿಂದಲೇ ಇಲ್ಲಿನ ಕಷ್ಟ ಹೊರಗಿನವರಿಗೆ ಗೊತ್ತಾಯಿತು, ಅಲ್ವಾ? ಯಾವ ಕಾಯಿಲೆ ಎಷ್ಟು ಮನೆಯಲ್ಲಿದೆ ಅಂತ ಈಗಲೇ ತಿಳಿದರೆ ತಪಾಸಣೆಗೂ ಮಾತ್ರೆಗೂ ಹೊತ್ತಿಗೆ ಸರಿಯಾಗಿ ವ್ಯವಸ್ಥೆ ಮಾಡಬಹುದು.

ಹಗಲು ತೋಟದ ಕೆಲಸಕ್ಕೆ ಹೋಗುವವರು ಯಾವ ಹೊತ್ತಿಗೆ ಸಿಗುತ್ತೀರಿ ಅಂತ ಭಾನುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ.